ಮದ್ದೂರಿನ ನೆಲದಲ್ಲಿ ಡೈನೋಸಾರ್ ಮೂಳೆ ಏಕಿಲ್ಲ?

ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ ಹೊಲಗಳು ಮುಗಿದು ಬಂಡೀಪುರದ ಕಾಡು ಶುರುವಾಗುವ ಕಡೆ ಮದ್ದೂರು ಇದೆ. ರಾತ್ರಿ ಒಂಬತ್ತಕ್ಕೆ ವಾಹನಗಳನ್ನು ತಡೆಯುವ ಚೆಕ್‌ಪೋಸ್ಟಿನಿಂದಲೇ ಹೊರಗಿನವರಿಗೆ ಈ ಊರಿನ ಹೆಸರು ಪರಿಚಯ. ಆನೆ, ಹುಲಿ, ಕಾಟಿಗಳ ಸುದ್ದಿ ಕೇಳುತ್ತಲೇ ಬೆಳೆಯುವ ಇಲ್ಲಿನ ಮಕ್ಕಳು ಅಪ್ಪನ ಫೋನು ಕೈಗೆ ಸಿಕ್ಕರೆ ಹುಡುಕುವುದು ಡೈನೋಸಾರನ್ನು. ನೋಡಿದ ಮೇಲೆ ಒಂದು ಪ್ರಶ್ನೆ ಬಂದೇ ಬರುತ್ತದೆ: ‘ನಮ್ಮೂರ್ಲೂ ಇದ್ವಾ ಸಾ?’

‘ಇಲ್ಲಪ್ಪ, ಅವೆಲ್ಲ ಅಮೆರಿಕದಲ್ಲಿ’ ಎಂದು ಮೇಷ್ಟ್ರು ಹೇಳಿಬಿಟ್ಟರೆ ಮಾತು ಅಲ್ಲಿಗೆ ಮುಗಿಯುತ್ತದೆ. ಮುಗಿಯಬಾರದು. ಭೂಮಿಯ ಚರಿತ್ರೆ ಕಲಿಯಲು ಇಂದು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುವ ಸಾಧನಗಳು ಹಿಂದಿನ ಯಾವ ತಲೆಮಾರಿನ ಮೇಷ್ಟ್ರಿಗೂ ಸಿಕ್ಕಿರಲಿಲ್ಲ. ಅವನ್ನು ಅಮೆರಿಕದ ಡೈನೋಸಾರ್ ನೋಡುವುದಕ್ಕಷ್ಟೇ ಬಳಸುತ್ತಿದ್ದೇವೆ. ಮದ್ದೂರಿನ ಹುಡುಗನ ಪ್ರಶ್ನೆಯನ್ನೇ ಅವುಗಳ ಮುಂದಿಟ್ಟು ನೋಡೋಣ.

ಮೊದಲಿಗೆ ಒಂದು ಗೋಳ. ಅಮೆರಿಕದ ಇಯಾನ್ ವೆಬ್‌ಸ್ಟರ್ ಎಂಬ ತಂತ್ರಜ್ಞ ರೂಪಿಸಿದ ‘ಏನ್ಶಿಯಂಟ್ ಅರ್ಥ್’ ಎಂಬ ಭೂಗೋಳ ಅಂತರ್ಜಾಲದಲ್ಲಿದೆ. ಕ್ರಿಸ್ಟೋಫರ್ ಸ್ಕೊಟೀಸ್ ಎಂಬ ಭೂವಿಜ್ಞಾನಿ ಜೀವಮಾನವಿಡೀ ಕೂತು ತಯಾರಿಸಿದ ಪ್ರಾಚೀನ ಭೂಪಟಗಳು ಅದಕ್ಕೆ ಆಧಾರ. ಊರಿನ ಹೆಸರು ಹಾಕಿ ಕಾಲ ಆರಿಸಿದರೆ, ಆ ಕಾಲದಲ್ಲಿ ಆ ಜಾಗ ಎಲ್ಲಿತ್ತು ಎಂದು ತೋರಿಸುತ್ತದೆ. 75 ಕೋಟಿ ವರ್ಷ ಹಿಂದಿನವರೆಗೂ ಹೋಗಬಹುದು. ಮೈಸೂರು ಎಂದು ಹಾಕಿ 15 ಕೋಟಿ ವರ್ಷ ಹಿಂದಕ್ಕೆ ಹೋದರೆ ನಮ್ಮ ನೆಲ ಏಷ್ಯಾದ ಹತ್ತಿರವೂ ಇಲ್ಲ. ದಕ್ಷಿಣಾರ್ಧಗೋಳದಲ್ಲಿ ಮಡಗಾಸ್ಕರ್, ಅಂಟಾರ್ಕ್ಟಿಕ, ಆಸ್ಟ್ರೇಲಿಯಗಳ ಜೊತೆ ಒತ್ತಾಗಿ ಕೂತಿದೆ. 9 ಕೋಟಿ ವರ್ಷಕ್ಕೆ ಬಂದರೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಬಿಡಿಸಿಕೊಳ್ಳುವ ಹೊತ್ತು. ಆ ಬಿರುಕಿನ ಕಾಲದಲ್ಲಿ ಉಕ್ಕಿದ ಲಾವಾ ಮಲ್ಪೆಯೆದುರಿನ ಸೇಂಟ್ ಮೇರೀಸ್ ದ್ವೀಪದಲ್ಲಿ ಕಂಬ ಕಂಬವಾಗಿ ಇಂದಿಗೂ ನಿಂತಿದೆ. 6.6 ಕೋಟಿ ವರ್ಷಕ್ಕೆ ಬನ್ನಿ. ಭಾರತ ಸಾಗರದ ನಡುವೆ ಒಂಟಿ ದ್ವೀಪ, ಉತ್ತರಕ್ಕೆ ಸಾಗುತ್ತಿದೆ.

ಇಂಥ ಭೂಪಟಗಳೆಲ್ಲ ಪುರಾವೆಗಳನ್ನು ಜೋಡಿಸಿ ಮಾಡಿದ ಅಂದಾಜು ಎಂಬುದನ್ನು ಮಕ್ಕಳಿಗೆ ಅಲ್ಲೇ ಹೇಳಿಬಿಡಬೇಕು. ಆದರೆ ಅದು ಸುಮ್ಮನೆ ಬಿಡಿಸಿದ ಚಿತ್ರವೂ ಅಲ್ಲ. ಗುಜರಾತಿನ ಬಾಲಾಸಿನೋರ್ ಹತ್ತಿರದ ರಹಿಯೋಲಿಯಲ್ಲಿ 1980ರ ದಶಕದಲ್ಲಿ ಸಿಕ್ಕ ಮೂಳೆಗಳಿಗೆ 2003ರಲ್ಲಿ ‘ರಾಜಾಸಾರಸ್ ನರ್ಮದೆನ್ಸಿಸ್’ ಎಂದು ಹೆಸರಿಟ್ಟರು. ನೆತ್ತಿಯ ಮೇಲೆ ಗಿಡ್ಡ ಕೊಂಬಿದ್ದ ಈ ಮಾಂಸಾಹಾರಿಯ ಹತ್ತಿರದ ಬಂಧು ಮಜುಂಗಾಸಾರಸ್. ಅದರ ಮೂಳೆ ಸಿಕ್ಕಿದ್ದು ಮಡಗಾಸ್ಕರಿನಲ್ಲಿ. ಈಗ ನಡುವೆ ಇರುವ ಸಾಗರವನ್ನು ಯಾವ ಡೈನೋಸಾರೂ ಈಜಿ ದಾಟಿರಲಾರದು. ನೆಲವೇ ಒಂದಾಗಿತ್ತು ಎಂಬುದಕ್ಕೆ ಈ ನಂಟಸ್ತಿಕೆಯೂ ಒಂದು ಸಾಕ್ಷಿ.

ಹಾಗಾದರೆ ಉತ್ತರದ ನರ್ಮದೆಯ ದಡದಲ್ಲೂ ಪಶ್ಚಿಮದ ಮಡಗಾಸ್ಕರಿನಲ್ಲೂ ಓಡಾಡಿದ ಪ್ರಾಣಿಗಳು ನಡುವಿನ ಈ ನೆಲದಲ್ಲಿ ಕಾಲಿಡಲಿಲ್ಲವೇ? ಇಟ್ಟಿರಲೇಬೇಕು ಎನ್ನುವುದಕ್ಕೆ ಕಾರಣವಿದೆ, ಕೈಗೆ ಸಿಕ್ಕ ಪುರಾವೆ ಇಲ್ಲ. ಪುರಾವೆ ಇಲ್ಲದಿರುವುದನ್ನು ಕಣ್ಣಿಗೆ ಕಟ್ಟುವಂತೆ ತೋರಿಸುವುದು ಎರಡನೆಯ ಸಾಧನ, ‘ಪೇಲಿಯೊಬಯಾಲಜಿ ಡೇಟಾಬೇಸ್’. ಜಗತ್ತಿನ ಪಳೆಯುಳಿಕೆ ತಜ್ಞರು ಪ್ರಕಟವಾದ ಪ್ರಬಂಧಗಳಿಂದ ಒಂದೊಂದೇ ವಿವರ ತೆಗೆದು ತುಂಬುತ್ತ ಬಂದಿರುವ ಕೋಶ ಇದು. ಯಾವ ಪಳೆಯುಳಿಕೆ, ಯಾವ ಊರಿನ ಹತ್ತಿರ, ಯಾವ ಕಾಲದ ಪದರದಲ್ಲಿ ಸಿಕ್ಕಿತು ಎಂಬುದು ನಕ್ಷೆಯ ಮೇಲೆ ಬಣ್ಣದ ಚುಕ್ಕೆಗಳಾಗಿ ಕಾಣುತ್ತದೆ. ಡೈನೋಸಾರ್ ಮಾತ್ರ ತೋರಿಸು ಎಂದು ಕೇಳಿದರೆ ಗುಜರಾತಿನಲ್ಲಿ ಚುಕ್ಕೆ, ನರ್ಮದೆಯ ಉದ್ದಕ್ಕೆ ಚುಕ್ಕೆ, ಜಬಲ್ಪುರದಲ್ಲಿ, ಗೋದಾವರಿ ಕಣಿವೆಯಲ್ಲಿ, ತಮಿಳುನಾಡಿನ ಅರಿಯಲೂರಿನಲ್ಲಿ. ನಡುವೆ ನಮ್ಮ ದಕ್ಷಿಣ ಕರ್ನಾಟಕ ಪೂರಾ ಖಾಲಿ.

ಆ ಖಾಲಿ ಜಾಗವೇ ನನಗೆ ಇಡೀ ನಕ್ಷೆಯಲ್ಲಿ ಹೆಚ್ಚು ಪಾಠ ಹೇಳುವ ಭಾಗ. ಅದನ್ನು ಅರ್ಥಮಾಡಿಕೊಳ್ಳಲು ಮದ್ದೂರಿನ ಮಕ್ಕಳಿಗಿಂತ ಅನುಕೂಲವಂತರು ಯಾರೂ ಇಲ್ಲ.

ಬಂಡೀಪುರದಲ್ಲಿ ಆನೆ ಸತ್ತರೆ ಏನಾಗುತ್ತದೆ ಎಂದು ಕಾಡಂಚಿನ ಮನೆಗಳಲ್ಲಿ ಕೇಳಿ. ಹದ್ದು, ಹಂದಿ, ಸೀಳುನಾಯಿ, ಹುಲಿ ಎಲ್ಲವೂ ಬಾಯಿ ಹಾಕುತ್ತವೆ. ಹುಳುಗಳು ಉಳಿದದ್ದನ್ನು ಮುಗಿಸುತ್ತವೆ. ತಿಂಗಳುಗಳಲ್ಲಿ ಬರೀ ಬಿಳಿ ಮೂಳೆ. ಮುಳ್ಳುಹಂದಿ ಸುಣ್ಣದ ಆಸೆಗೆ ಅದನ್ನೂ ಕಡಿಯುತ್ತದೆ. ಬಿಸಿಲಿಗೆ ಮೂಳೆ ಸೀಳುತ್ತದೆ, ಮಳೆಗೆ ಮೆತ್ತಗಾಗುತ್ತದೆ, ಬೇರು ಒಳಹೊಕ್ಕು ಒಡೆಯುತ್ತದೆ. ಕೆಲವು ವರ್ಷ ಬಿಟ್ಟು ಅದೇ ಜಾಗಕ್ಕೆ ಹೋದರೆ ತೋರಿಸಲು ಒಂದು ಚೂರು ಸಿಗುವುದೂ ಕಷ್ಟ. ತಲೆತಲಾಂತರದಿಂದ ಆನೆಗಳಿರುವ ಕಾಡು ಇದು. ಸತ್ತ ಆನೆಗಳ ಮೂಳೆಯೆಲ್ಲ ಉಳಿದಿದ್ದರೆ ನೆಲ ಅಗೆದಲ್ಲೆಲ್ಲ ಸಿಗಬೇಕಿತ್ತು. ಕಾಡಂಚಿನಲ್ಲಿ ಬಾವಿ ತೋಡುವವರಿಗೆ ಸಿಗುವುದು ಕೆಂಪು ಮಣ್ಣು, ಅದರ ಕೆಳಗೆ ಕೊಳೆತ ಕಲ್ಲು, ಆಮೇಲೆ ಗಟ್ಟಿ ಬಂಡೆ.

ಮೂಳೆ ಪಳೆಯುಳಿಕೆ ಆಗಬೇಕಾದರೆ ಸತ್ತ ಪ್ರಾಣಿಯ ಮೇಲೆ ಬೇಗ ಕೆಸರೋ ಮರಳೋ ಬೂದಿಯೋ ಮುಚ್ಚಬೇಕು. ಮುಚ್ಚಿದ ಮೇಲೆ ಪದರದ ಮೇಲೆ ಪದರ ಬೀಳುತ್ತ ಹೋಗಬೇಕು. ನೀರಿನಲ್ಲಿ ಕರಗಿದ ಖನಿಜ ಮೂಳೆಯ ಸೂಕ್ಷ್ಮ ರಂಧ್ರಗಳನ್ನು ತುಂಬಬೇಕು. ಕೊನೆಗೆ ಆ ಪದರ ಸವೆದುಹೋಗದೆ ಕೋಟಿಗಟ್ಟಲೆ ವರ್ಷ ಉಳಿಯಬೇಕು. ಅದಕ್ಕೆ ತಗ್ಗು ಜಾಗ ಬೇಕು: ನದಿಯ ಬಯಲು, ಕೆರೆ, ಕಡಲಂಚು. ಗುಂಡ್ಲುಪೇಟೆಯ ಸೀಮೆ ಡೈನೋಸಾರ್ ಕಾಲದಲ್ಲೂ ಅದಕ್ಕೆ ಬಹಳ ಮೊದಲೂ ಸವೆಯುವ ಎತ್ತರದ ನೆಲವಾಗಿತ್ತು. ಆ ಕಾಲದ ಪದರ ಏನಾದರೂ ಇಲ್ಲಿ ಬಿದ್ದಿದ್ದರೂ ಉಳಿದಿಲ್ಲ.

ಉಳಿದಿರುವುದು ಏನು? ರಸ್ತೆ ಬದಿಯ ಹುಟ್ಟುಬಂಡೆಯಿಂದ ಒಡೆದ ಒಂದು ಕಲ್ಲನ್ನು ಅಂಗೈಲಿಟ್ಟು ನೋಡಿ. ತೊಳೆದು, ಒದ್ದೆಯಿರುವಾಗಲೇ ಬಿಸಿಲಿಗೆ ಹಿಡಿಯಬೇಕು. ಕರಿ ಗೆರೆ, ಬಿಳಿ ಗೆರೆ, ಮತ್ತೆ ಕರಿ. ಗೆರೆಗಳು ನೇರವಾಗಿಲ್ಲ, ಬಾಗಿವೆ, ಕೆಲವು ಕಡೆ ಮಡಿಚಿಕೊಂಡಿವೆ. ಬಿಳಿಯ ಭಾಗ ಫೆಲ್ಡ್‌ಸ್ಪಾರ್. ಗಾಜಿನ ಹಾಗೆ ಹೊಳೆಯುವ ಬೂದು ಕಣ ಬೆಣಚು. ಕರಿ ಗೆರೆಯಲ್ಲಿ ಉಗುರಿಗೆ ಎದ್ದು ಬರುವ ಹೊಳಪಿನ ಚಕ್ಕೆ ಅಭ್ರಕ. ಇದು ನೈಸ್ ಶಿಲೆ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯೂ ಇದೇ ಕುಲದ್ದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿ ಫಲಕ ನೆಟ್ಟಿದೆ. ಬಿಳಿಗಿರಿರಂಗನ ಬೆಟ್ಟದ ಕಡೆ, ನೀಲಗಿರಿಯ ಕಡೆ ಹೋದರೆ ಇನ್ನೊಂದು ಬಗೆಯ ಕಲ್ಲು ಸಿಗುತ್ತದೆ. ಎಣ್ಣೆ ಸವರಿದಂತಿರುವ ನೀಲಿ ಮಿಶ್ರಿತ ಬೂದು ಬಣ್ಣದ ಈ ಕಲ್ಲು ಚಾರ್ನೊಕೈಟ್. ಕೋಲ್ಕತ್ತದಲ್ಲಿರುವ, ಈಸ್ಟ್ ಇಂಡಿಯಾ ಕಂಪನಿಯ ಜಾಬ್ ಚಾರ್ನಾಕನ ಸಮಾಧಿ ಈ ಕಲ್ಲಿನದೆಂದು ಥಾಮಸ್ ಹಾಲೆಂಡ್ ಎಂಬ ಭೂವಿಜ್ಞಾನಿ ಆ ಹೆಸರಿಟ್ಟ.

ಈ ಕಲ್ಲುಗಳು 250 ಕೋಟಿ ವರ್ಷಕ್ಕೂ ಹಳೆಯವು. ಬಿಳಿಗಿರಿರಂಗನ ಬೆಟ್ಟದ ಚಾರ್ನೊಕೈಟ್ ಯಾವ ಮೂಲ ಶಿಲೆಯಿಂದ ಬಂತೋ ಅದರಲ್ಲಿ ಕೆಲವಕ್ಕೆ ಸುಮಾರು 340 ಕೋಟಿ ವರ್ಷ. ಪಕ್ಕದ ಸರಗೂರಿನ ಹೆಸರನ್ನೇ ಹೊತ್ತ ‘ಸರಗೂರು ಶಿಲಾಸಮೂಹ’ ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಅದರ ಮರಳುಗಲ್ಲಿನಂಥ ಶಿಲೆಗಳಲ್ಲಿ ಸಿಕ್ಕ ಜಿರ್ಕಾನ್ ಹರಳುಗಳಲ್ಲಿ ಅತಿ ಹಳೆಯವಕ್ಕೆ 358 ಕೋಟಿ ವರ್ಷ ಎಂದು ಲೆಕ್ಕ ಸಿಕ್ಕಿದೆ. ಜಿರ್ಕಾನ್ ಹುಟ್ಟುವಾಗ ಯುರೇನಿಯಂ ಒಳಗೆ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಮ್ಮಿ ಸೇರಿಸಿಕೊಳ್ಳುವುದಿಲ್ಲ. ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಒಳಗೆ ಎಷ್ಟು ಸೀಸ ಕೂಡಿದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ಡೈನೋಸಾರ್‌ಗಳು ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅಂದರೆ ಮದ್ದೂರಿನ ಕಲ್ಲಿಗೆ ಅವು ನಿನ್ನೆ ಮೊನ್ನೆ ಬಂದ ನೆಂಟರು.

ವಯಸ್ಸಿಗಿಂತ ದೊಡ್ಡ ಅಚ್ಚರಿ ಇನ್ನೊಂದಿದೆ. ಈ ಶಿಲೆಗಳು ನೆಲದ ಮೇಲೆ ಹುಟ್ಟಿದವಲ್ಲ. ಚಾರ್ನೊಕೈಟ್ ಆಗಲು ಬೇಕಾದ ಶಾಖ, ಒತ್ತಡ ಇರುವುದು 20–30 ಕಿಲೋಮೀಟರ್ ಆಳದಲ್ಲಿ. ನಮ್ಮವರೇ ಆದ ಭೂವಿಜ್ಞಾನಿ ಸಿ.ಎಸ್. ಪಿಚ್ಚಮುತ್ತು 1950ರ ದಶಕದಲ್ಲಿ ಒಂದು ಮುಖ್ಯ ಸಂಗತಿ ಎತ್ತಿ ತೋರಿಸಿದರು. ಕರ್ನಾಟಕದ ಉತ್ತರದಿಂದ ದಕ್ಷಿಣಕ್ಕೆ ಬಂದಂತೆ ಶಿಲೆಗಳು ಹೆಚ್ಚು ಹೆಚ್ಚು ಬೆಂದಿವೆ. ಕಾರಣ, ದಕ್ಷಿಣದ ಕಡೆ ನೆಲ ಹೆಚ್ಚು ಎದ್ದು ಹೆಚ್ಚು ಸವೆದಿದೆ. ಬಳ್ಳಾರಿಯ ಕಡೆಯಿಂದ ಹೊರಟು ಗುಂಡ್ಲುಪೇಟೆ ತಲುಪುವ ಹೊತ್ತಿಗೆ ನಾವು ಭೂಮಿಯ ಚಿಪ್ಪಿನ ಮೇಲ್ಭಾಗದಿಂದ ಅದರ ಆಳಕ್ಕೆ ಬಂದಿರುತ್ತೇವೆ, ಒಂದಡಿ ಅಗೆಯದೆ. 1960ರಲ್ಲಿ ಅವರು ಕನಕಪುರ ಸೀಮೆಯ ಕಬ್ಬಾಳದುರ್ಗದಲ್ಲಿ ಬೂದು ನೈಸ್ ಶಿಲೆ ಚಾರ್ನೊಕೈಟ್ ಆಗಿ ಬದಲಾಗುತ್ತಿದ್ದ ಹಂತವೇ ಕಲ್ಲಿನಲ್ಲಿ ನಿಂತುಹೋಗಿರುವುದನ್ನು ‘ನೇಚರ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಆಮೇಲೆ ದೇಶವಿದೇಶದ ವಿಜ್ಞಾನಿಗಳು ಆ ಬಂಡೆ ನೋಡಲು ಬರತೊಡಗಿದರು.

ಈಗ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಇಲ್ಲಿ ಕಾಲಕೆಳಗಿರುವುದು ಹಲವು ಕಿಲೋಮೀಟರ್ ದಪ್ಪದ ಹೊದಿಕೆ ಸವೆದುಹೋದ ಮೇಲೆ ಬೆಳಕು ಕಂಡ ಪಾತಾಳದ ಕಲ್ಲು. ಅದರೊಳಗೆ ಡೈನೋಸಾರ್ ಮೂಳೆ ಇರಲು ಸಾಧ್ಯವಿಲ್ಲ. ಆ ಕಲ್ಲು ಹುಟ್ಟಿದಾಗ ಭೂಮಿಯ ಮೇಲೆ ಜೀವವೆಂದರೆ ಸೂಕ್ಷ್ಮಜೀವಿಗಳು ಮಾತ್ರ. ಅವುಗಳ ಗುರುತೂ ನಮ್ಮಲ್ಲೇ ಇದೆ. ಚಿತ್ರದುರ್ಗ, ತುಮಕೂರು ಸೀಮೆಯ ಸುಣ್ಣಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್ ಎಂಬ ಪದರುಪದರಾದ ಗುಬ್ಬಿಗಳಿವೆ. 250 ಕೋಟಿ ವರ್ಷಕ್ಕೂ ಹಿಂದೆ ತಿಳಿನೀರಿನಲ್ಲಿ ಸೂಕ್ಷ್ಮಜೀವಿಗಳ ಚಾಪೆ ಬೆಳೆದ ಗುರುತುಗಳು ಅವು. ಡೈನೋಸಾರ್ ಕಾಲದ ಕೊನೆಗೆ ಸೇರಿದ ಪದರ ಬೇಕೆಂದರೆ ರಾಜ್ಯದ ಉತ್ತರಕ್ಕೆ ಹೋಗಬೇಕು. ಗುರುಮಠಕಲ್ ಬಳಿ ಲಾವಾ ಹರಿವುಗಳ ನಡುವೆ ಸಿಕ್ಕಿಕೊಂಡ ಹಳೆಯ ಕೆರೆಗಳ ಕೆಸರಿನಲ್ಲಿ ಸಣ್ಣ ಸಣ್ಣ ಜೀವಿಗಳ ಪಳೆಯುಳಿಕೆ ಇವೆ.

ಸವೆದ ನೆಲ ಎಲ್ಲಿಗೆ ಹೋಯಿತು? ಮದ್ದೂರು ಕಾಡಿನ ಹಳ್ಳಗಳು ಕೊನೆಗೆ ಕಾವೇರಿ ಸೇರುತ್ತವೆ. ಡೈನೋಸಾರ್ ಕಾಲದಲ್ಲಿ ನದಿಗಳ ದಾರಿ ಬೇರೆ ಇತ್ತು, ಆದರೆ ದಕ್ಷಿಣದ ಎತ್ತರದ ನೆಲ ಸವೆದು ಮೂಡಣ ಕಡಲಂಚಿನ ತಗ್ಗನ್ನು ತುಂಬಿದ್ದು ಆಗಲೂ ನಡೆದಿದೆ. ಅದೇ ಅರಿಯಲೂರು, ಪೆರಂಬಲೂರು ಸೀಮೆ. ಗುಂಡ್ಲುಪೇಟೆಯಿಂದ ನೇರ ಗೆರೆಯಲ್ಲಿ 300 ಕಿಲೋಮೀಟರಿಗೂ ಕಡಿಮೆ. ಡೈನೋಸಾರ್ ಕಾಲದ ಕೊನೆಯ ಭಾಗವಾದ ಕ್ರಿಟೇಷಿಯಸ್ ಯುಗದಲ್ಲಿ ಅಲ್ಲಿಗೆ ಕಡಲು ನುಗ್ಗಿತ್ತು. ಸುರುಳಿ ಚಿಪ್ಪಿನ ಅಮ್ಮೊನೈಟುಗಳು ಅಲ್ಲಿ ರಾಶಿ ರಾಶಿ ಸಿಗುತ್ತವೆ. ಸಾತ್ತನೂರಿನಲ್ಲಿ ಸುಮಾರು 18 ಮೀಟರ್ ಉದ್ದದ ಕಲ್ಲಾದ ಮರದ ಕಾಂಡ ಬಿದ್ದಿದೆ. 1940ರಲ್ಲಿ ಭೂವಿಜ್ಞಾನಿ ಎಂ.ಎಸ್. ಕೃಷ್ಣನ್ ಅದನ್ನು ಗುರುತಿಸಿದರು.

ಅಮ್ಮೊನೈಟ್ ಎಂದರೆ ದೂರದ ವಸ್ತು ಎಂದುಕೊಳ್ಳಬೇಕಾಗಿಲ್ಲ. ಗಂಡಕಿ ನದಿಯಿಂದ ಬಂದ ಸಾಲಿಗ್ರಾಮದಲ್ಲಿ ಕಾಣುವ ಚಕ್ರ ಅಮ್ಮೊನೈಟಿನ ಸುರುಳಿಯೇ. ಹಿಮಾಲಯ ಏಳುವ ಮೊದಲು ಅಲ್ಲಿದ್ದ ಕಡಲಿನ ಜೀವಿ ನಮ್ಮ ದೇವರಪೆಟ್ಟಿಗೆಯಲ್ಲಿ ದಿನವೂ ಅಭಿಷೇಕ ಮಾಡಿಸಿಕೊಳ್ಳುತ್ತಿದೆ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ ‘ಕಾಕರ್ ಭೈರವ’ ಎಂದು ಪೂಜಿಸುತ್ತಿದ್ದ ಗುಂಡುಕಲ್ಲುಗಳು ಡೈನೋಸಾರ್ ಮೊಟ್ಟೆಗಳೆಂದು 2023ರಲ್ಲಿ ಸುದ್ದಿಯಾಯಿತು. ಕಲ್ಲಿನಲ್ಲಿ ಏನೋ ವಿಶೇಷವಿದೆ ಎಂದು ಜನ ಮೊದಲೇ ಗುರುತಿಸಿದ್ದರು. ವಿಜ್ಞಾನ ಅದಕ್ಕೆ ಕಾಲ ಸೇರಿಸಿತು. ಭಕ್ತಿಗೂ ಅರಿವಿಗೂ ಇಲ್ಲಿ ಜಗಳವಿಲ್ಲ ಎಂದೇ ನನ್ನ ನಂಬಿಕೆ.

ಇದೇ ಮಾತನ್ನು ತಿರುಗಿಸಿ ನೋಡಿದರೆ ಎಚ್ಚರಿಕೆಯೂ ಬೇಕು. 2020ರ ಅಕ್ಟೋಬರಿನಲ್ಲಿ ಪೆರಂಬಲೂರಿನ ಕುನ್ನಂ ಬಳಿ ಕೆರೆಯೊಂದರಲ್ಲಿ ದೊಡ್ಡ ದೊಡ್ಡ ಗುಂಡುಕಲ್ಲು ಸಿಕ್ಕಿದವು. ಡೈನೋಸಾರ್ ಮೊಟ್ಟೆ ಎಂದು ಫೋಟೊಗಳು ಒಂದೇ ದಿನದಲ್ಲಿ ಎಲ್ಲ ಕಡೆ ಹರಿದಾಡಿದವು. ತಜ್ಞರು ಬಂದು ನೋಡಿ, ಅಮ್ಮೊನೈಟುಗಳ ಸುತ್ತ ಕೆಸರು ಗಟ್ಟಿಯಾಗಿ ಕಟ್ಟಿದ ಉಂಡೆಗಳು ಎಂದು ಹೇಳಿದರು. ಆ ಮಾತು ಫೋಟೊಗಳಷ್ಟು ದೂರ ಹೋಗಲಿಲ್ಲ. ನಮ್ಮಲ್ಲೂ ಇಂಥದ್ದು ಆಗಬಹುದು. ಚಾಮರಾಜನಗರದ ಕರಿಕಲ್ಲು, ಹೊರದೇಶಗಳ ಸಮಾಧಿಗಳಿಗೆ ಹೊಳಪು ಹೊತ್ತು ಹೋಗುವ ಆ ಡಾಲರೈಟ್, ನೆಲದ ಬಿರುಕುಗಳಿಗೆ ಶಿಲಾರಸ ನುಗ್ಗಿ ಆದದ್ದು. ಅದು ಸವೆಯುವಾಗ ಮೂಲೆಗಳು ಮೊದಲು ಕೊಳೆತು, ಈರುಳ್ಳಿಯ ಹಾಗೆ ಸಿಪ್ಪೆ ಸಿಪ್ಪೆಯಾಗಿ ಬಿಟ್ಟು, ಒಳಗೆ ನುಣುಪಾದ ಗುಂಡು ಉಳಿಯುತ್ತದೆ. ಕ್ವಾರಿಯವರಿಗೆ ಇದು ಚೆನ್ನಾಗಿ ಗೊತ್ತು. ಗೊತ್ತಿಲ್ಲದವನು ಫೋಟೊ ತೆಗೆದು ಹಾಕಿದರೆ ‘ಗುಂಡ್ಲುಪೇಟೆಯಲ್ಲಿ ಡೈನೋಸಾರ್ ಮೊಟ್ಟೆ’ ಎಂದು ಊರೆಲ್ಲ ಹರಡಲು ಒಂದು ಗಂಟೆ ಸಾಕು. ಆಗ ಭೂಪಟ ತೆರೆದು, ಈ ಜಾಗದ ಶಿಲೆ ಯಾವುದು, ಅದರ ವಯಸ್ಸೆಷ್ಟು ಎಂದು ಕೇಳುವ ಒಬ್ಬ ವಿದ್ಯಾರ್ಥಿ ಊರಿನಲ್ಲಿದ್ದರೆ ಸಾಕು.

ಆ ಭೂಪಟ ಇದೆ. ಭೂವೈಜ್ಞಾನಿಕ ಸರ್ವೇಕ್ಷಣೆ 1851ರಿಂದ ಕಾಲ್ನಡಿಗೆಯಲ್ಲಿ, ಕುದುರೆಯ ಮೇಲೆ, ಜೀಪಿನಲ್ಲಿ ದೇಶ ಸುತ್ತಿ ಮಾಡಿದ ನಕ್ಷೆಗಳು ‘ಭೂಕೋಶ್’ ಎಂಬ ಸರ್ಕಾರಿ ತಾಣದಲ್ಲಿ ಸಿಗುತ್ತವೆ. ನಿಮ್ಮ ಹೋಬಳಿಯ ಕೆಳಗಿನ ಶಿಲೆಗೂ ಅದರಲ್ಲಿ ಒಂದು ಬಣ್ಣವಿದೆ. 1860–70ರ ದಶಕದಲ್ಲಿ ಸರ್ವೇಕ್ಷಣೆಯ ಪಳೆಯುಳಿಕೆ ತಜ್ಞ ಫರ್ಡಿನೆಂಡ್ ಸ್ಟೊಲಿಚ್ಕ ಅರಿಯಲೂರು ಸೀಮೆಯ ಚಿಪ್ಪುಗಳನ್ನು ಒಂದೊಂದಾಗಿ ವರ್ಣಿಸಿ ಬರೆದ ಭಾರಿ ಸಂಪುಟಗಳು, ಹಿಂದೆ ದೊಡ್ಡ ಗ್ರಂಥಾಲಯಗಳ ಬೀರುಗಳಲ್ಲಿ ಮಾತ್ರ ಇದ್ದವು, ಇಂದು ‘ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ’ಯಲ್ಲಿ ಪುಟಪುಟವಾಗಿ ತೆರೆಯುತ್ತವೆ. ಕೈಯಲ್ಲಿ ಬಿಡಿಸಿದ ಆ ಚಿತ್ರಫಲಕಗಳನ್ನು ನೋಡಲು ಇಂಗ್ಲಿಷ್ ಬೇಕಿಲ್ಲ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆ 2020ರಲ್ಲಿ ಲಕ್ಷಾಂತರ ಚಿತ್ರಗಳನ್ನೂ ಮೂರು ಆಯಾಮದ ಮಾದರಿಗಳನ್ನೂ ಎಲ್ಲರಿಗೂ ಬಿಟ್ಟುಕೊಟ್ಟಿತು. ಟ್ರೈಸೆರಾಟಾಪ್ಸ್ ಅಸ್ಥಿಪಂಜರವನ್ನು ಬೆರಳಲ್ಲೇ ತಿರುಗಿಸಿ ಹಿಂದಿನಿಂದಲೂ ನೋಡಬಹುದು.

ಹೀಗೆ ಅಳೆದು, ಸ್ಕ್ಯಾನ್ ಮಾಡಿ ಇಡುವುದು ಎಷ್ಟು ಮುಖ್ಯ ಎನ್ನುವುದಕ್ಕೆ ಎರಡು ನೋವಿನ ಕಥೆಗಳಿವೆ. 1828ರಲ್ಲಿ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಜಬಲ್ಪುರದಲ್ಲಿ ಎತ್ತಿಕೊಂಡ ಮೂಳೆಗಳು ಭಾರತದಲ್ಲಿ ಸಿಕ್ಕ ಮೊದಲ ಡೈನೋಸಾರ್ ಮೂಳೆಗಳು. 1877ರಲ್ಲಿ ಅವಕ್ಕೆ ಟೈಟನೊಸಾರಸ್ ಎಂದು ಹೆಸರಾಯಿತು. ಆಮೇಲೆ ಅವು ಎಲ್ಲಿವೆ ಎಂಬುದೇ ಮರೆತುಹೋಗಿ, 2012ರಲ್ಲಿ ಕೋಲ್ಕತ್ತದ ಸಂಗ್ರಹದಲ್ಲೇ ಸಿಕ್ಕವು. ಅರಿಯಲೂರಿನ ಕಥೆಗೆ ಅಂಥ ಕೊನೆಯಿಲ್ಲ. ಅಲ್ಲಿನ ಕಲ್ಲಮೇಡು ಬಳಿ ಸಿಕ್ಕು 1980ರ ದಶಕದಲ್ಲಿ ‘ಬೃಹತ್ಕಾಯೊಸಾರಸ್’ ಎಂದು ಹೆಸರು ಪಡೆದ ಪ್ರಾಣಿ ಜಗತ್ತಿನ ಅತಿ ದೊಡ್ಡ ಡೈನೋಸಾರ್‌ಗಳಲ್ಲೊಂದು ಆಗಿರಬಹುದಿತ್ತು. ಅದರ ಮೂಳೆಗಳು ತೇವಕ್ಕೆ ಪುಡಿಯಾಗಿ ಹೋದವು. ಉಳಿದಿರುವುದು ಗೆರೆಚಿತ್ರ, ಕೆಲವು ಹಳೆಯ ಫೋಟೊ. ಅದು ನಿಜಕ್ಕೂ ಎಷ್ಟು ದೊಡ್ಡದಿತ್ತು ಎಂದು ಇನ್ನು ಅಳೆಯಲು ಆಗದು. ಇಂದಿನ ಸ್ಕ್ಯಾನರ್ ಆಗ ಇದ್ದಿದ್ದರೆ ಎನ್ನಿಸಿ ಸಂಕಟವಾಗುತ್ತದೆ.

ಇಷ್ಟೆಲ್ಲ ಇದ್ದೂ ಮದ್ದೂರಿನ ಹುಡುಗನಿಗೆ ಅದು ದಕ್ಕುತ್ತಿಲ್ಲ, ಏಕೆಂದರೆ ನಾನು ಹೆಸರಿಸಿದ ಸಾಧನಗಳು ಹೆಚ್ಚುಕಮ್ಮಿ ಎಲ್ಲವೂ ಇಂಗ್ಲಿಷಿನಲ್ಲಿವೆ. ಕನ್ನಡದಲ್ಲಿ ಭೂವಿಜ್ಞಾನ ಬರೆಯುವವರಿಗೆ ಬರವಿಲ್ಲ. ಸರ್ವೇಕ್ಷಣೆಯಲ್ಲಿ ಕೆಲಸ ಮಾಡಿದ ಟಿ.ಆರ್. ಅನಂತರಾಮು ಅವರೊಬ್ಬರೇ ಎಷ್ಟೊಂದು ಪುಸ್ತಕ ಕೊಟ್ಟಿದ್ದಾರೆ. ಭಾರತೀಯ ಭೂವೈಜ್ಞಾನಿಕ ಸಂಘವನ್ನು 1958ರಲ್ಲಿ ಕಟ್ಟಿದವರಲ್ಲಿ ಮುಂದಾಳಾಗಿದ್ದ ಬಿ.ಪಿ. ರಾಧಾಕೃಷ್ಣ ನಮ್ಮ ನೆಲದ ಕಲ್ಲುಗಳಿಗಾಗಿ ಜೀವ ತೇದರು. ಕೊರತೆ ಇರುವುದು ಊರಿನ ಮಟ್ಟದಲ್ಲಿ. ಸರಗೂರು ಶಿಲಾಸಮೂಹದ ಬಗ್ಗೆ ಸರಗೂರಿನ ಮಗು ಕನ್ನಡದಲ್ಲಿ ಹುಡುಕಿದರೆ ನೆಟ್ಟಗೆ ಒಂದು ಪುಟ ಸಿಗಬೇಕು. ಕನ್ನಡ ವಿಕಿಪೀಡಿಯದಲ್ಲಿ ಅದನ್ನು ಬರೆಯಲು ಯಾರ ಅಪ್ಪಣೆಯೂ ಬೇಡ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ಓದುವ ವಿದ್ಯಾರ್ಥಿಗಳು ಪ್ರತಿ ವರ್ಷ ಕಲ್ಲು ನೋಡಲು ಇದೇ ಸೀಮೆಗಳಲ್ಲಿ ತಿರುಗುತ್ತಾರೆ. ಪ್ರತಿಯೊಬ್ಬರೂ ತಾವು ನೋಡಿದ ಒಂದು ಬಂಡೆಯ ಬಗ್ಗೆ, ಅದರ ಊರು, ಹೋಬಳಿ, ಫೋಟೊ, ವಯಸ್ಸು ಸೇರಿಸಿ, ಒಂದು ಪುಟ ಕನ್ನಡದಲ್ಲಿ ಬರೆದು ಹಾಕುವುದನ್ನು ಅಧ್ಯಾಪಕರು ಅಭ್ಯಾಸದ ಭಾಗವಾಗಿಸಬಹುದು.

ಶಾಲೆಗಳಿಗೆ ಇನ್ನೂ ಸುಲಭದ ಕೆಲಸವಿದೆ. ಮಕ್ಕಳು ಊರಿನ ಹುಟ್ಟುಬಂಡೆ, ಬಾವಿಯ ಕಲ್ಲು, ದೇವಸ್ಥಾನದ ಮೆಟ್ಟಿಲು, ಬೇಲಿಯ ಕಲ್ಲುಕಂಬ ಇವುಗಳ ಫೋಟೊ ತೆಗೆದು, ಎಲ್ಲಿಂದ ತಂದ ಕಲ್ಲು ಎಂದು ಮನೆಯ ಹಿರಿಯರನ್ನು ಕೇಳಿ ಬರೆದುಕೊಳ್ಳಲಿ. ಮೇಷ್ಟ್ರು ಭೂಕೋಶ್ ತೆರೆದು ಹೆಸರು ಹೊಂದಿಸಲಿ. ಆಮೇಲೆ ಶಾಲೆಯ ಪ್ರವಾಸದ ಬಸ್ಸು ಒಂದು ವರ್ಷ ಊಟಿಯ ಕಡೆ ತಿರುಗುವ ಬದಲು ಸತ್ಯಮಂಗಲದ ಘಾಟಿ ಇಳಿದು ಸಾತ್ತನೂರಿಗೆ ಹೋಗಲಿ. ಕಲ್ಲಾದ ಆ ಮರ ಕಡಲ ಕೆಸರಿನಲ್ಲಿ ಹೂತದ್ದು ಕ್ರಿಟೇಷಿಯಸ್ ಯುಗದಲ್ಲಿ. ಅಂಥ ಮರಗಳಿಗೆ ನೆರಳಿದ್ದ ಕಾಲದಲ್ಲಿ ನಮ್ಮೂರಿನ ಮೇಲೆ ಏನು ಓಡಾಡುತ್ತಿತ್ತು ಎಂದು ಮಕ್ಕಳು ಅಲ್ಲಿ ನಿಂತು ಕೇಳಲಿ.